ಕೈಕುಲುಕಿನಿಂದ ಉಯಿಲಿನವರೆಗೆ: ಇಸ್ಲಾಮಿನ ಕಟ್ಟಳೆ ಮತ್ತು ಪಶ್ಚಿಮದ ಬದುಕು ಎಲ್ಲಿ ತಾಗುತ್ತವೆ?

ಕೈಕುಲುಕುವುದು ಎರಡು ಸೆಕೆಂಡಿನ ಕೆಲಸ. ಆ ಎರಡು ಸೆಕೆಂಡಿನ ಮೇಲೆ ಯುರೋಪಿನ ಎರಡು ದೇಶಗಳು ತೀರ್ಮಾನ ಕೊಟ್ಟಿವೆ, ಅವೆರಡೂ ಒಂದಕ್ಕೊಂದು ಉಲ್ಟಾ. 2016ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಬಳಿಯ ಥೆರ್ವಿಲ್‌ನಲ್ಲಿ ಹದಿಹರೆಯದ ಮುಸ್ಲಿಂ ಅಣ್ಣತಮ್ಮಂದಿರಿಬ್ಬರು ಶಿಕ್ಷಕಿಯ ಕೈಕುಲುಕಲು ಒಪ್ಪಲಿಲ್ಲ. ಶಾಲೆ ಮೊದಲು ಒಂದು ರಾಜಿ ಮಾಡಿತು: ಶಿಕ್ಷಕರು ಗಂಡಾಗಲಿ ಹೆಣ್ಣಾಗಲಿ, ಈ ಹುಡುಗರು ಯಾರ ಕೈಯನ್ನೂ ಕುಲುಕುವುದು ಬೇಡ. ಕ್ಯಾಂಟನ್ (ಅಲ್ಲಿನ ರಾಜ್ಯ) ಆಡಳಿತ ಅದನ್ನು ತಳ್ಳಿಹಾಕಿ, ಇನ್ನು ಮುಂದೆ ನಿರಾಕರಿಸಿದರೆ ಹೆತ್ತವರಿಗೆ 5,000 ಫ್ರಾಂಕ್‌ವರೆಗೆ ದಂಡ ಹಾಕಬಹುದು ಎಂದಿತು. 2018ರಲ್ಲಿ ಸ್ವೀಡನ್ನಿನ ಕಾರ್ಮಿಕ ನ್ಯಾಯಾಲಯದ ಮುಂದೆ ಬಂದದ್ದೂ ಇದೇ ಪ್ರಶ್ನೆ. ದುಭಾಷಿ ಕೆಲಸದ ಸಂದರ್ಶನಕ್ಕೆ ಹೋದ ಮುಸ್ಲಿಂ ಯುವತಿ ಗಂಡಸಿನ ಕೈಕುಲುಕದೆ ಎದೆಯ ಮೇಲೆ ಕೈಯಿಟ್ಟು ವಂದಿಸಿದಳು, ಸಂದರ್ಶನ ಅಲ್ಲಿಗೇ ಮುಗಿಯಿತು. ಗಂಡು ಹೆಣ್ಣನ್ನು ಸಮನಾಗಿ ಕಾಣಬೇಕೆಂದು ಕಂಪನಿ ಕೇಳಿದ್ದು ಸರಿ, ಆದರೆ ಆ ಸಮಾನತೆ ಕೈಕುಲುಕಿಯೇ ತೋರಬೇಕೆಂಬ ಹಟ ಸರಿಯಲ್ಲ ಎಂದ ನ್ಯಾಯಾಲಯ ಆಕೆಗೆ 40,000 ಕ್ರೋನಾ ಪರಿಹಾರ ಕೊಡಿಸಿತು.

ಇಸ್ಲಾಮಿನ ಒಳಗೂ ಇದಕ್ಕೆ ಉತ್ತರ ಒಂದೇ ಅಲ್ಲ. ಪರಸ್ತ್ರೀಯನ್ನು ಮುಟ್ಟಬಾರದು ಎನ್ನುವುದು ಶಾಸ್ತ್ರಜ್ಞರಲ್ಲಿ ಬಹುಪಾಲಿನವರ ನಿಲುವು. ವಯಸ್ಸಾದವರ ಕೈಕುಲುಕಿದರೆ ತಪ್ಪಿಲ್ಲ ಎಂದ ಹನಫಿಗಳಿದ್ದಾರೆ (ಸುನ್ನಿಗಳ ನಾಲ್ಕು ನ್ಯಾಯಪಂಥಗಳಲ್ಲಿ ಹನಫಿ ಒಂದು). ಎದುರಿನವರೇ ಕೈ ಚಾಚಿದಾಗ, ಮನಸ್ಸಿನಲ್ಲಿ ಬೇರೇನೂ ಇಲ್ಲದಿದ್ದರೆ ಕುಲುಕಬಹುದು ಎಂದ ಈ ಕಾಲದ ಮುಫ್ತಿಗಳೂ ಇದ್ದಾರೆ. 'ಇಸ್ಲಾಂ ಮತ್ತು ಪಶ್ಚಿಮ' ಎಂದು ಎರಡು ಬಂಡೆಗಳನ್ನು ಎದುರುಬದುರು ನಿಲ್ಲಿಸಿ ಬರೆಯುವ ಲೇಖನಗಳು ಹಾದಿ ತಪ್ಪುವುದು ಇಲ್ಲೇ. ಎರಡೂ ಬಂಡೆಗಳಲ್ಲ. ತಿಕ್ಕಾಟ ಇರುವುದು ವೇಳಾಪಟ್ಟಿಯಲ್ಲಿ, ಕರಾರುಪತ್ರದಲ್ಲಿ, ನೋಂದಣಿ ಪುಸ್ತಕದಲ್ಲಿ. ಅದರಲ್ಲಿ ಬಹುಪಾಲು ಬಿಡಿಸಬಹುದಾದ ಗಂಟು. ಬಿಡಿಸಲಾಗದೆ ಉಳಿಯುವುದು ಒಂದು ಪ್ರಶ್ನೆ: ನನ್ನ ವಿಷಯದಲ್ಲಿ ಕೊನೆಯ ಮಾತು ಯಾರದು?

ಮೊದಲು ವೇಳೆಯ ಮಾತು

ದಿನಕ್ಕೆ ಐದು ನಮಾಜು. ಒಂದೊಂದಕ್ಕೆ ಐದರಿಂದ ಹತ್ತು ನಿಮಿಷ, ಅದಕ್ಕೆ ಮುಂಚೆ ಕೈಕಾಲು ಮುಖ ತೊಳೆಯುವ ವುಜುವಿಗೆ ಇನ್ನೆರಡು ಮೂರು. ಕೇಳಲು ಇಷ್ಟೇ. ಆದರೆ ನಮಾಜಿನ ವೇಳೆ ಹೇಳುವುದು ಸೂರ್ಯ, ಕಚೇರಿಯ ವೇಳೆ ಹೇಳುವುದು ಗಡಿಯಾರ. ಲಂಡನ್ನಿನಲ್ಲಿ ಡಿಸೆಂಬರ್ ಕೊನೆಗೆ ನಡುಹಗಲಿನ ನಮಾಜು ಜೊಹರ್ ಶುರುವಾಗುವುದು ಮಧ್ಯಾಹ್ನ 12ರ ಹೊತ್ತಿಗೆ, ಇಳಿಹೊತ್ತಿನ ಅಸರ್ 1:45ರ ಸುಮಾರಿಗೆ, ಸೂರ್ಯ ಮುಳುಗಿ ಮಗ್ರಿಬ್ ಆಗುವುದು 3:53ಕ್ಕೆ. ಒಂಬತ್ತರಿಂದ ಐದರ ಕೆಲಸದೊಳಗೆ ಮೂರು ನಮಾಜು ಬಿದ್ದವು. ಅದೇ ಊರಿನಲ್ಲಿ ಜೂನ್‌ನಲ್ಲಿ ಜೊಹರ್ ಒಂದು ಗಂಟೆಗೆ, ಅಸರ್ ಐದು ದಾಟಿದ ಮೇಲೆ. ಕಚೇರಿಯೊಳಗೆ ಬೀಳುವುದು ಒಂದೇ. 'ನಮಾಜಿಗೆ ಬಿಡುವು ಬೇಕು' ಎಂದು ವರ್ಷವಿಡೀ ಒಂದೇ ಅರ್ಜಿ ಕೊಟ್ಟವರಿಗೂ, ಅದನ್ನು ವರ್ಷವಿಡೀ ನಿರಾಕರಿಸಿದ ಮೇಲಧಿಕಾರಿಗೂ ಈ ಲೆಕ್ಕ ಗೊತ್ತಿರುವುದಿಲ್ಲ. ನಿಜಕ್ಕೂ ಬಿಗಿ ಇರುವುದು ನವೆಂಬರಿನಿಂದ ಜನವರಿಯವರೆಗೆ, ಅದರಲ್ಲೂ ಮಗ್ರಿಬ್‌ಗೆ. ಅದರ ಅವಧಿ ಚಿಕ್ಕದು, ಸಂಜೆಗೆಂಪು ಕರಗುವಷ್ಟು ಹೊತ್ತು ಮಾತ್ರ. ಜೊಹರನ್ನು ಊಟದ ಬಿಡುವಿಗೆ ಸರಿಸಬಹುದು. ಶಿಯಾಗಳು ಜೊಹರ್-ಅಸರ್‌ಗಳನ್ನು ಒಟ್ಟಿಗೇ ಮುಗಿಸುವುದು ವಾಡಿಕೆ. ಹನಫಿಗಳು ಹಜ್‌ನಲ್ಲಿ ಬಿಟ್ಟರೆ ಹಾಗೆ ಕೂಡಿಸಲು ಒಪ್ಪುವುದಿಲ್ಲ. ಆದ್ದರಿಂದ ಒಂದೇ ಕಚೇರಿಯ ಇಬ್ಬರು ಮುಸ್ಲಿಮರ ಬೇಡಿಕೆ ಬೇರೆಬೇರೆ ಆದರೆ ಅದರಲ್ಲಿ ಕಪಟವೇನಿಲ್ಲ.

ಶುಕ್ರವಾರದ ಜುಮಾ ಹಾಗೆ ಸರಿಯುವುದಿಲ್ಲ, ಅದು ಜಮಾಅತ್‌ನಲ್ಲೇ, ಅಂದರೆ ಗುಂಪಾಗಿಯೇ ಆಗಬೇಕು. 1977ರಲ್ಲಿ ಲಂಡನ್ನಿನ ಶಾಲಾ ಶಿಕ್ಷಕರೊಬ್ಬರು ಶುಕ್ರವಾರ 45 ನಿಮಿಷ ಕೇಳಿ ಅಪೀಲು ನ್ಯಾಯಾಲಯದಲ್ಲಿ ಸೋತರು. ಅಮೆರಿಕದಲ್ಲಿ 2023ರಿಂದ ಮಾಲೀಕರಿಗೆ ಅಷ್ಟು ಸಲೀಸಿಲ್ಲ. ನೌಕರನ ಧಾರ್ಮಿಕ ಅನುಕೂಲವನ್ನು ನಿರಾಕರಿಸಬೇಕಾದರೆ ಅದರಿಂದ ವ್ಯವಹಾರಕ್ಕೆ ಗಣನೀಯ ಹೊರೆ ಬೀಳುತ್ತದೆಂದು ತೋರಿಸಬೇಕು ಎಂದು ಅಲ್ಲಿನ ಸುಪ್ರೀಂ ಕೋರ್ಟು ಹೇಳಿದೆ. ಆ ದಾವೆ ಹೂಡಿದ್ದವನು ಭಾನುವಾರ ಕೆಲಸ ಮಾಡಲೊಲ್ಲದ ಕ್ರೈಸ್ತ. ತೀರ್ಪಿನ ಫಲ ಜುಮಾಕ್ಕೂ ಸಿಕ್ಕಿತು. ಇತ್ತ ಮುಸ್ಲಿಂ ದೇಶಗಳೇ ಪಶ್ಚಿಮದ ವಾರಕ್ಕೆ ಹತ್ತಿರವಾಗುತ್ತಿವೆ. ಸೌದಿ ಅರೇಬಿಯಾ 2013ರಲ್ಲಿ ಗುರುವಾರ-ಶುಕ್ರವಾರದ ರಜೆಯನ್ನು ಶುಕ್ರವಾರ-ಶನಿವಾರಕ್ಕೆ ಸರಿಸಿತು. ಸಂಯುಕ್ತ ಅರಬ್ ಎಮಿರೇಟ್ಸ್ 2022ರ ಜನವರಿಯಿಂದ ಸರ್ಕಾರಿ ಕಚೇರಿಗಳಿಗೆ ಶುಕ್ರವಾರ ಅರ್ಧ ದಿನ, ಶನಿವಾರ-ಭಾನುವಾರ ರಜೆ ಎಂದಿತು, ಖುತ್ಬಾ (ಜುಮಾದ ಪ್ರವಚನ) ವೇಳೆಯನ್ನು 1:15ಕ್ಕೆ ನಿಗದಿ ಮಾಡಿತು. ಮಾರುಕಟ್ಟೆ ಕರೆದರೆ ವಾರವೂ ಮಗ್ಗುಲು ಬದಲಿಸುತ್ತದೆ.

ಉತ್ತರದ ಊರುಗಳಲ್ಲಿ ಬೇಸಿಗೆ ಬಂದರೆ ಇನ್ನೊಂದು ತೊಡಕು. ಮುಂಜಾವಿನ ನಮಾಜು ಫಜರ್ ಶುರುವಾಗುವುದು ಸೂರ್ಯ ದಿಗಂತಕ್ಕಿಂತ 18 ಡಿಗ್ರಿ ಕೆಳಗಿರುವಾಗ ಎನ್ನುವುದು ಹೆಚ್ಚು ಬಳಕೆಯಲ್ಲಿರುವ ಲೆಕ್ಕ. ಉತ್ತರ ಅಮೆರಿಕದಲ್ಲಿ 15 ಡಿಗ್ರಿಯ ಲೆಕ್ಕ ಹಿಡಿಯುವವರೂ ಇದ್ದಾರೆ. ಜೂನ್ 21ರ ನಡುರಾತ್ರಿ ಸೂರ್ಯ ಎಷ್ಟು ಕೆಳಗಿಳಿಯುತ್ತಾನೆ ಎಂದು ತಿಳಿಯಲು 90ರಿಂದ ಊರಿನ ಅಕ್ಷಾಂಶವನ್ನೂ 23.4ನ್ನೂ ಕಳೆದರಾಯಿತು. ಲಂಡನ್ನಿನ ಅಕ್ಷಾಂಶ 51.5, ಉಳಿದದ್ದು 15.1. ಅಂದರೆ ಆ ರಾತ್ರಿ 18 ಡಿಗ್ರಿ ಬರುವುದೇ ಇಲ್ಲ. ರಾತ್ರಿ ಪೂರ್ತಿ ಕತ್ತಲಾಗದಿದ್ದರೆ ರಾತ್ರಿಯ ನಮಾಜು ಇಶಾ ಮುಗಿಯುವುದೆಲ್ಲಿ, ಫಜರ್ ಹುಟ್ಟುವುದೆಲ್ಲಿ? ಸೂರ್ಯಾಸ್ತ 9:21, ಸೂರ್ಯೋದಯ 4:43, ನಡುವೆ 442 ನಿಮಿಷ. ರಾತ್ರಿಯ ಕೊನೆಯ ಏಳನೇ ಒಂದು ಪಾಲನ್ನು ಫಜರ್ ಎಂದು ಹಿಡಿಯುವವರಿಗೆ ಸಹರಿ (ಉಪವಾಸಕ್ಕೆ ಮುಂಚಿನ ಊಟ) ಮುಗಿಯುವುದು ಸುಮಾರು 3:40ಕ್ಕೆ. ನಡುರಾತ್ರಿಯನ್ನೇ ಗಡಿಯಾಗಿ ಹಿಡಿಯುವವರಿಗೆ 1:02ಕ್ಕೇ ಮುಗಿಯಿತು. ಒಂದು ಲೆಕ್ಕದಲ್ಲಿ ಉಪವಾಸ ಹದಿನೇಳೂಮುಕ್ಕಾಲು ಗಂಟೆಗೆ ಹತ್ತಿರ, ಇನ್ನೊಂದರಲ್ಲಿ ಇಪ್ಪತ್ತರ ಮೇಲೆ. ಎರಡು ಮಸೀದಿಗಳ ವೇಳಾಪಟ್ಟಿ ಹೊಂದದಿದ್ದಾಗ ಎಳೆಯರು 'ಧರ್ಮದಲ್ಲೇ ಒಮ್ಮತವಿಲ್ಲ' ಎಂದುಕೊಳ್ಳುತ್ತಾರೆ. ನಿಜ ಹೇಳಬೇಕೆಂದರೆ ಅದು ತ್ರಿಕೋನಮಿತಿಯ ತೊಡಕು. ನಾರ್ವೆಯ ಟ್ರೋಮ್ಸೊದಲ್ಲಂತೂ ಸುಮಾರು ಎರಡು ತಿಂಗಳು ಸೂರ್ಯ ಮುಳುಗುವುದೇ ಇಲ್ಲ. ಅಲ್ಲಿ ಮಕ್ಕಾದ ವೇಳೆ ಹಿಡಿಯಿರಿ, ಇಲ್ಲವೇ ಹಗಲುರಾತ್ರಿ ಬೇರ್ಪಡುವ ಹತ್ತಿರದ ಊರಿನ ವೇಳೆ ಹಿಡಿಯಿರಿ ಎಂಬ ಫತ್ವಾಗಳಿವೆ. ಆಧಾರ ಒಂದು ಹದೀಸ್, ಅಂದರೆ ಪ್ರವಾದಿಯವರ ಮಾತಿನ ವರದಿ. ಒಂದು ದಿನ ಒಂದು ವರ್ಷದಷ್ಟು ಉದ್ದವಾದರೆ ಏನು ಮಾಡುವುದೆಂದು ಕೇಳಿದಾಗ ಪ್ರವಾದಿಯವರು 'ಅಂದಾಜು ಮಾಡಿಕೊಳ್ಳಿ' ಎಂದಿದ್ದರು.

ಬಡ್ಡಿಯಿಲ್ಲದ ಮನೆ, ಬಡ್ಡಿಯ ನೆರಳು

ಪಶ್ಚಿಮದ ಮಧ್ಯಮವರ್ಗದ ಬದುಕು ನಿಂತಿರುವುದು ಸಾಲದ ಮೇಲೆ, ಕುರ್‌ಆನ್ ಬಡ್ಡಿಯನ್ನು ನಿಷೇಧಿಸಿದೆ. ಈ ತೊಡಕಿಗೆ ಎರಡು ದಾರಿ ಹುಡುಕಿದ್ದಾರೆ.

ಒಂದು, ವಿನಾಯಿತಿಯ ದಾರಿ. ಯುರೋಪಿಯನ್ ಕೌನ್ಸಿಲ್ ಫಾರ್ ಫತ್ವಾ ಅಂಡ್ ರಿಸರ್ಚ್ 1999ರಲ್ಲಿ ಒಂದು ಫತ್ವಾ ಕೊಟ್ಟಿತು: ಬೇರೆ ದಾರಿ ಇಲ್ಲದಿದ್ದರೆ, ಇರುವುದಕ್ಕೆ ಒಂದೇ ಮನೆಯಾದರೆ, ಯುರೋಪಿನ ಮುಸ್ಲಿಮರು ಸಾಮಾನ್ಯ ಬ್ಯಾಂಕ್ ಸಾಲ ತೆಗೆದುಕೊಳ್ಳಬಹುದು. ಅದಕ್ಕೆ ಎರಡು ಆಧಾರ. ಅನಿವಾರ್ಯತೆ ನಿಷಿದ್ಧವನ್ನೂ ಸಮ್ಮತಿಸುತ್ತದೆ ಎಂಬ ಹಳೆಯ ಸೂತ್ರ ಒಂದು. ಮುಸ್ಲಿಂ ಆಳ್ವಿಕೆಯಿಲ್ಲದ ನಾಡಿನ ವ್ಯವಹಾರದ ಬಗ್ಗೆ ಹನಫಿ ಮತದಲ್ಲಿದ್ದ ಸಡಿಲಿಕೆ ಇನ್ನೊಂದು. ಬಾಡಿಗೆ ಮನೆ ಸಿಗುವಾಗ ಅನಿವಾರ್ಯತೆ ಎಲ್ಲಿಂದ ಬಂತು ಎಂದು ಸಂಪ್ರದಾಯಸ್ಥ ಉಲೇಮಾಗಳು ತಿರುಗಿಬಿದ್ದರು. ಅವರ ಪ್ರಶ್ನೆಯಲ್ಲಿ ಹುರುಳಿದೆ.

ಇನ್ನೊಂದು, ಕರಾರನ್ನೇ ಬೇರೆ ರೀತಿ ಹೆಣೆಯುವ ದಾರಿ. ಬ್ರಿಟನ್ನಿನಲ್ಲಿ ಹೆಚ್ಚು ಚಾಲ್ತಿಯಲ್ಲಿರುವುದು ಕುಗ್ಗುವ ಪಾಲುದಾರಿಕೆ, ಅರಬಿಯಲ್ಲಿ ಮುಶಾರಕಾ ಮುತನಾಕಿಸಾ. ಅದು ನಡೆಯುವುದು ಹೀಗೆ. ಮನೆಯ ಬೆಲೆ 2,00,000 ಪೌಂಡ್ ಎನ್ನಿ. ನೀವು 40,000 ಹಾಕುತ್ತೀರಿ, ಬ್ಯಾಂಕ್ 1,60,000. ಮನೆ ಇಬ್ಬರದೂ. 20 ವರ್ಷ, 240 ತಿಂಗಳು, ತಿಂಗಳಿಗೆ 667 ಪೌಂಡ್‌ನಂತೆ ಬ್ಯಾಂಕಿನ ಪಾಲನ್ನು ಕೊಳ್ಳುತ್ತ ಹೋಗುತ್ತೀರಿ. ಉಳಿದ ಪಾಲಿಗೆ ಬಾಡಿಗೆ ಕಟ್ಟುತ್ತೀರಿ. ಬಾಡಿಗೆ ವರ್ಷಕ್ಕೆ ಶೇ 5 ಆದರೆ ಮೊದಲ ತಿಂಗಳು 667, ಹತ್ತು ವರ್ಷದ ಹೊತ್ತಿಗೆ 333. ಮೊದಲ ಕಂತು ಒಟ್ಟು 1,333.

ತೊಡಕು ಮೊದಲು ಕಂಡದ್ದು ತೆರಿಗೆಯಲ್ಲಿ. ಮನೆ ಮಾರಿದವರಿಂದ ಬ್ಯಾಂಕಿಗೆ, ಬ್ಯಾಂಕಿನಿಂದ ನಿಮಗೆ, ಹೀಗೆ ಕಾಗದದ ಮೇಲೆ ಎರಡು ಮಾರಾಟ. ಎರಡಕ್ಕೂ ಮುದ್ರಾಂಕ ಶುಲ್ಕ. ಬ್ರಿಟಿಷ್ ಸಂಸತ್ತು 2003ರ ಹಣಕಾಸು ಕಾಯ್ದೆಯಲ್ಲಿ ಈ ಇಮ್ಮಡಿ ಶುಲ್ಕವನ್ನು ತೆಗೆಯುವ ತನಕ ಈ ಮಾದರಿ ಸಾಮಾನ್ಯರ ಕೈಗೆ ಎಟುಕುವಂತಿರಲಿಲ್ಲ. ನಾಗರಿಕತೆಗಳ ಸಂಘರ್ಷ ಎಂದು ಎಷ್ಟೆಲ್ಲ ಪುಟ ತುಂಬಿದರು, ಇಲ್ಲಿ ಅಡ್ಡ ಬಂದಿದ್ದು ಒಂದು ತೆರಿಗೆ ನಿಯಮ.

ಎರಡನೇ ತೊಡಕು ಇನ್ನೂ ಆಳದ್ದು. ಆ ಬಾಡಿಗೆ ಸಾಮಾನ್ಯವಾಗಿ ಏರಿಳಿಯುವುದು ಬ್ಯಾಂಕ್ ಆಫ್ ಇಂಗ್ಲೆಂಡಿನ ಬಡ್ಡಿದರಕ್ಕೆ ತಕ್ಕಂತೆ. ಹಾಗಾದರೆ ಇದು ಬಡ್ಡಿಗೆ ತೊಡಿಸಿದ ಟೋಪಿಯೇ? ಬರೀ ದರ ನೋಡಿ ತೀರ್ಮಾನಿಸಬಾರದು. ಬಾಡಿಗೆಗೆ ಯಾವ ಅಳತೆಗೋಲನ್ನಾದರೂ ಹಿಡಿಯಬಹುದು. ಶಾಸ್ತ್ರ ಕೇಳುವುದು ನಷ್ಟದ ಬಗ್ಗೆ: ಮನೆ ಸುಟ್ಟುಹೋದರೆ, ಬೆಲೆ ಕುಸಿದರೆ ಪಾಲುದಾರ ತನ್ನ ಪಾಲಿನ ನಷ್ಟ ಹೊರಬೇಕು. ಆದರೆ ಕರಾರಿನ ಹಿಂದಿನ ಪುಟಗಳಿಗೆ ಹೋದರೆ ವಿಮೆ, ದುರಸ್ತಿ ಎಲ್ಲವೂ ಗ್ರಾಹಕನ ತಲೆಗೆ ಬಂದಿರುವುದು ಕಾಣುತ್ತದೆ. ಬ್ಯಾಂಕಿನ ಪಾಲನ್ನು ಮೊದಲೇ ಗೊತ್ತುಮಾಡಿದ ಬೆಲೆಗೆ ಕೊಳ್ಳುತ್ತೇನೆ ಎಂಬ ಮುಚ್ಚಳಿಕೆಯೂ ಅಲ್ಲೇ ಇರುತ್ತದೆ. ಬಾಂಡಿನಂಥ ಸುಕೂಕ್ ಪತ್ರಗಳಲ್ಲೂ ಇಂಥ ಮುಚ್ಚಳಿಕೆ ಇತ್ತು. 2007ರಲ್ಲಿ ಮುಫ್ತಿ ತಖಿ ಉಸ್ಮಾನಿಯವರು ಅವುಗಳಲ್ಲಿ ಶೇ 85ರಷ್ಟು ಶರೀಅತ್‌ಗೆ ಹೊಂದುವುದಿಲ್ಲ ಎಂದಾಗ ಆ ಮಾರುಕಟ್ಟೆಯೇ ತಲ್ಲಣಿಸಿತು. ಇಸ್ಲಾಮಿಕ್ ಗೃಹಸಾಲ ಬೇಕೆನ್ನುವವರು ಜಾಹೀರಾತನ್ನಲ್ಲ, ಈ ಮೂರನ್ನು ನೋಡಬೇಕು: ವಿಮೆ ಯಾರ ಮೇಲೆ, ತಡವಾದ ಕಂತಿನ ದಂಡ ಬ್ಯಾಂಕಿಗೋ ದಾನಕ್ಕೋ, ನಡುವೆ ಮಾರಿದರೆ ನಷ್ಟ ಹಂಚಿಕೆಯಾಗುತ್ತದೋ ಇಲ್ಲವೋ.

ಬಟ್ಟೆ, ಈಜುಕೊಳ

ಉಡುಪಿನ ಬಗ್ಗೆ ಬರೆದದ್ದು ಬೆಟ್ಟದಷ್ಟಿದೆ, ಇಲ್ಲಿ ಎರಡು ಮಾತು ಸಾಕು. ಬಾಸೆಲ್‌ನಲ್ಲಿ ಗಂಡು-ಹೆಣ್ಣು ಮಕ್ಕಳ ಜಂಟಿ ಈಜು ತರಗತಿಗೆ ಹೆಣ್ಣುಮಕ್ಕಳನ್ನು ಕಳಿಸದ ಹೆತ್ತವರಿಗೆ 1,400 ಫ್ರಾಂಕ್ ದಂಡ ಬಿತ್ತು. ಮೈಯೆಲ್ಲ ಮುಚ್ಚುವ ಈಜುಡುಪು ಬುರ್ಕಿನಿ ತೊಡಬಹುದು, ಬಟ್ಟೆ ಬದಲಿಸಲು ಬೇರೆ ಕೋಣೆ ಇದೆ ಎಂದು ಶಾಲೆ ಹೇಳಿತ್ತು. 2017ರಲ್ಲಿ ಯುರೋಪಿನ ಮಾನವ ಹಕ್ಕು ನ್ಯಾಯಾಲಯ ದಂಡವನ್ನು ಎತ್ತಿಹಿಡಿಯಿತು. ಅಂದರೆ ಬುರ್ಕಿನಿ ಅಲ್ಲಿ ಬೆರೆಯುವುದಕ್ಕೆ ಸಾಧನ. ಪಕ್ಕದ ಫ್ರಾನ್ಸಿನಲ್ಲಿ ಗ್ರೆನೋಬಲ್ ನಗರ ತನ್ನ ಈಜುಕೊಳಗಳಲ್ಲಿ ಬುರ್ಕಿನಿಗೆ ಅವಕಾಶ ಕೊಡಹೊರಟಾಗ 2022ರಲ್ಲಿ ದೇಶದ ಅತ್ಯುನ್ನತ ಆಡಳಿತ ನ್ಯಾಯಾಲಯ ತಡೆಯಿತು. ಅಲ್ಲಿ ಅದು ಬೆರೆಯದಿರುವುದರ ಗುರುತು! ಅದೇ ಬಟ್ಟೆ, ಅದೇ ನೀರು. ಇನ್ನೊಂದು ತುದಿಗೆ ಇರಾನ್: 1936ರಲ್ಲಿ ರೆಜಾ ಶಾ ಪೊಲೀಸರಿಂದ ಪರದೆ ತೆಗೆಸಿದ, 1979ರ ಕ್ರಾಂತಿಯ ನಂತರದ ಆಡಳಿತ ಪೊಲೀಸರಿಂದಲೇ ಹೊದಿಸಿತು. ಎರಡು ಸಲವೂ ಹೆಂಗಸರನ್ನು ಕೇಳಿದವರಿಲ್ಲ.

ನಿಕಾಹ್ ಆಯಿತು, ಮದುವೆ ಆಗಲಿಲ್ಲ

ಈಗ ಹೇಳುವುದು ನಿಜಕ್ಕೂ ಬದುಕು ಮುರಿಯುವ ಜಾಗ. ಪ್ರಸ್ತಾಪ, ಒಪ್ಪಿಗೆ, ಇಬ್ಬರು ಸಾಕ್ಷಿ, ಮಹರ್ (ಗಂಡು ಹೆಣ್ಣಿಗೆ ಕೊಡುವ ವಧುಧನ), ಹನಫಿಗಳಲ್ಲದ ಸುನ್ನಿಗಳಿಗೆ ಹೆಣ್ಣಿನ ವಲಿ (ಪೋಷಕ). ಇಷ್ಟಿದ್ದರೆ ನಿಕಾಹ್ ಪೂರ್ಣ. ಮನೆಯ ಹಜಾರದಲ್ಲೂ ಆಗುತ್ತದೆ. ಇಂಗ್ಲೆಂಡಿನ ಕಾನೂನಿಗೆ ಅದು ಸಾಲದು. ನೋಂದಣಿ ಕಚೇರಿಗೆ 28 ದಿನ ಮುಂಚೆ ನೋಟಿಸು ಕೊಡಬೇಕು, ಮದುವೆಗೆಂದು ನೋಂದಾಯಿಸಿದ ಕಟ್ಟಡದಲ್ಲಾಗಲಿ ಕಚೇರಿಯಲ್ಲಾಗಲಿ ಅಧಿಕಾರವುಳ್ಳವರ ಮುಂದೆ ಆಗಬೇಕು. ಈ ಎರಡನೇ ಹಂತವನ್ನು 'ಆಮೇಲೆ ಮಾಡೋಣ' ಎಂದು ಬಿಟ್ಟವರು ಬಹಳ. 1998ರಲ್ಲಿ ನಿಕಾಹ್ ಆಗಿ ನಾಲ್ಕು ಮಕ್ಕಳನ್ನು ಹೆತ್ತ ಮಹಿಳೆಯೊಬ್ಬರು ವಿಚ್ಛೇದನ ಕೇಳಿದಾಗ, ಅಪೀಲು ನ್ಯಾಯಾಲಯ 2020ರಲ್ಲಿ ಇದು ಕಾನೂನಿನ ಕಣ್ಣಿಗೆ ಮದುವೆಯೇ ಅಲ್ಲ, ಅಸಿಂಧು ಮದುವೆಯೂ ಅಲ್ಲ ಎಂದಿತು. ಅಸಿಂಧು ಮದುವೆ ಎಂದಿದ್ದರೆ ಆಸ್ತಿಯಲ್ಲಿ ಪಾಲು ಕೇಳುವ ಹಕ್ಕಾದರೂ ಉಳಿಯುತ್ತಿತ್ತು.

ಇದಕ್ಕೆ ತದ್ವಿರುದ್ಧವಾದ ಸ್ಥಿತಿಯೂ ಇದೆ. ನೋಂದಣಿಯೂ ಆಗಿ, ಸಿವಿಲ್ ವಿಚ್ಛೇದನವೂ ಸಿಕ್ಕ ಮೇಲೆ ಗಂಡ ತಲಾಖ್ ಹೇಳಲು ಒಪ್ಪದಿದ್ದರೆ ಹೆಂಡತಿ ಸಮುದಾಯದ ದೃಷ್ಟಿಯಲ್ಲಿ ಇನ್ನೂ ವಿವಾಹಿತೆ. ಆಕೆ ಖುಲಾ (ಹೆಂಡತಿ ಕೇಳಿ ಪಡೆಯುವ ವಿಚ್ಛೇದನ) ಕೇಳಿಕೊಂಡು ಶರೀಅತ್ ಕೌನ್ಸಿಲ್‌ಗಳಿಗೆ ಅಲೆಯುತ್ತಾಳೆ. ಬ್ರಿಟನ್ನಿನಲ್ಲಿ 1980ರ ದಶಕದಿಂದ ಈ ಕೌನ್ಸಿಲ್‌ಗಳಿವೆ, ಅವುಗಳ ಬಾಗಿಲು ತಟ್ಟುವವರಲ್ಲಿ ಹೆಂಗಸರೇ ಹೆಚ್ಚು. ಸರ್ಕಾರ ನೇಮಿಸಿದ ಸಮಿತಿ 2018ರಲ್ಲಿ ಮಾಡಿದ ಮುಖ್ಯ ಶಿಫಾರಸು, ನಿಕಾಹ್‌ಗೆ ಮೊದಲು ಅಥವಾ ಅದರೊಟ್ಟಿಗೇ ಸಿವಿಲ್ ನೋಂದಣಿ ಕಡ್ಡಾಯವಾಗಲಿ ಎಂಬುದು. ಫ್ರಾನ್ಸಿನಲ್ಲಿ ಈ ಗೊಂದಲ ಕಡಿಮೆ. ಸಿವಿಲ್ ಮದುವೆಯ ಪತ್ರ ನೋಡದೆ ಧಾರ್ಮಿಕ ಮದುವೆ ಮಾಡಿಸುವುದನ್ನು ರೂಢಿ ಮಾಡಿಕೊಂಡ ಧರ್ಮಗುರುವಿಗೆ ಆರು ತಿಂಗಳ ಸೆರೆ, 7,500 ಯೂರೋ ದಂಡ.

ಸಂಪ್ರದಾಯದ ಒಳಗೇ ಇದಕ್ಕೊಂದು ಬೀಗದಕೈ ಇದೆ, ಬಳಸುವವರು ಕಡಿಮೆ. ಅದು ತಲಾಖ್-ಎ-ತಫ್ವೀಜ್. ತಲಾಖಿನ ಅಧಿಕಾರವನ್ನು ಗಂಡ ನಿಕಾಹ್‌ನಾಮಾದಲ್ಲೇ ಹೆಂಡತಿಗೆ ವಹಿಸಿಕೊಡಬಹುದು. ಪಾಕಿಸ್ತಾನದ ನಿಕಾಹ್‌ನಾಮಾದ 18ನೇ ಕಲಂ ಇದಕ್ಕೇ ಮೀಸಲು. ಅದನ್ನು ಕೇಳದೆಯೇ ಅಡ್ಡಗೀಟು ಹಾಕಿಬಿಡುವ ಖಾಜಿಗಳಿದ್ದಾರೆ. ಶುಭ ಗಳಿಗೆಯಲ್ಲಿ ತಲಾಖಿನ ಮಾತೇಕೆ ಎನ್ನುವ ಹಿರಿಯರೂ ಇದ್ದಾರೆ. ಮಹರ್ ಬರೆಯುವಾಗಲೂ ಅಷ್ಟೆ: ಮೊತ್ತ, ಕರೆನ್ಸಿ, ಈಗ ಎಷ್ಟು, ಆಮೇಲೆ ಎಷ್ಟು, ಯಾವಾಗ ಎಂದು ಸ್ಪಷ್ಟವಾಗಿದ್ದರೆ ಜಾತ್ಯತೀತ ನ್ಯಾಯಾಲಯವೂ ಅದನ್ನು ಸಾಮಾನ್ಯ ಒಪ್ಪಂದದಂತೆ ಜಾರಿ ಮಾಡಬಲ್ಲದು. ಅಮೆರಿಕದ ನ್ಯೂಜೆರ್ಸಿಯಲ್ಲಿ 2002ರಲ್ಲೇ ಹಾಗಾಗಿದೆ.

ಬಿಟ್ಟುಹೋಗುವ ಹಕ್ಕು

ಇಷ್ಟರವರೆಗೆ ಹೇಳಿದ್ದಕ್ಕೆಲ್ಲ ಏನೋ ಒಂದು ಉಪಾಯವಿತ್ತು. ಧರ್ಮವನ್ನೇ ಬಿಡುವವರ ವಿಷಯಕ್ಕೆ ಬಂದರೆ ಉಪಾಯ ಮುಗಿಯುತ್ತದೆ. 1948ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆ ಮಾನವ ಹಕ್ಕುಗಳ ಘೋಷಣೆಯನ್ನು 48 ಮತಗಳಿಂದ ಅಂಗೀಕರಿಸಿತು, ಎಂಟು ದೇಶಗಳು ತಟಸ್ಥವಾಗಿದ್ದವು. ಅದರಲ್ಲಿ ಒಂದು ಸೌದಿ ಅರೇಬಿಯಾ, ಧರ್ಮ ಬದಲಿಸುವ ಹಕ್ಕಿಗೆ ಅದರ ಆಕ್ಷೇಪವಿತ್ತು. ಅದೇ ಹಕ್ಕನ್ನು ಪಾಕಿಸ್ತಾನದ ವಿದೇಶಾಂಗ ಸಚಿವ ಜಫರುಲ್ಲಾ ಖಾನ್ ಬೆಂಬಲಿಸಿದರು. ಹಳೆಯ ಫಿಕ್‌ಹ್ (ಇಸ್ಲಾಮಿಕ್ ನ್ಯಾಯಶಾಸ್ತ್ರ) ಗ್ರಂಥಗಳು ಧರ್ಮತ್ಯಾಗಕ್ಕೆ ಮರಣದಂಡನೆ ಹೇಳುತ್ತವೆ. ಅದು ಆ ಕಾಲದ ರಾಜದ್ರೋಹಕ್ಕೆ ಹೇಳಿದ್ದು, ಬರೀ ನಂಬಿಕೆ ಬಿಟ್ಟವನಿಗಲ್ಲ ಎನ್ನುವ ವಿದ್ವಾಂಸರ ಸಂಖ್ಯೆ ಕಳೆದ ನೂರು ವರ್ಷಗಳಲ್ಲಿ ಹೆಚ್ಚಿದೆ. ಆದರೂ ಇದು ವೇಳಾಪಟ್ಟಿಯಂತೆ ಹೊಂದಿಸಿಕೊಳ್ಳುವ ಸಂಗತಿಯಲ್ಲ, ವ್ಯಕ್ತಿ ದೊಡ್ಡವನೋ ಸಮುದಾಯ ದೊಡ್ಡದೋ ಎಂಬುದಕ್ಕೆ ಎರಡೂ ಕಡೆಯವರು ಉತ್ತರ ಹೇಳಲೇಬೇಕಾಗುತ್ತದೆ. ಪಶ್ಚಿಮದ ಉತ್ತರವೂ ಗಟ್ಟಿ ಎಂದೇನಿಲ್ಲ. ಡೆನ್ಮಾರ್ಕ್ 2017ರಲ್ಲಿ ಧರ್ಮನಿಂದೆಯ ಕಾನೂನನ್ನು ಕಿತ್ತುಹಾಕಿ, ಕುರ್‌ಆನ್ ಸುಡುವ ಪ್ರತಿಭಟನೆಗಳ ನಂತರ 2023ರ ಡಿಸೆಂಬರಿನಲ್ಲಿ ಧರ್ಮಗ್ರಂಥಗಳಿಗೆ ಬಹಿರಂಗವಾಗಿ ಅವಮಾನ ಮಾಡುವುದನ್ನು ಅಪರಾಧ ಮಾಡಿತು.

ಬೀದಿಯಲ್ಲಿ ಗದ್ದಲವೆಬ್ಬಿಸುವ ಈ ಪ್ರಶ್ನೆ ಮನೆಯೊಳಗೆ ಬರುವುದು ಸದ್ದಿಲ್ಲದೆ, ಉಯಿಲಿನ ರೂಪದಲ್ಲಿ. ಶರೀಅತ್ ಪ್ರಕಾರ ಹೆಂಡತಿ, ಒಬ್ಬ ಮಗ, ಒಬ್ಬ ಮಗಳು ಉಳಿದರೆ ಆಸ್ತಿಯ 24 ಪಾಲಿನಲ್ಲಿ ಹೆಂಡತಿಗೆ 3, ಮಗನಿಗೆ 14, ಮಗಳಿಗೆ 7. ಇಂಗ್ಲೆಂಡಿನಲ್ಲಿ ಹಾಗೆಯೇ ಉಯಿಲು ಬರೆಯಲು ಅಡ್ಡಿಯಿಲ್ಲ, ಬರೆಯದೆ ಸತ್ತರೆ ಮಾತ್ರ ದೇಶದ ಲೆಕ್ಕ. ಫ್ರಾನ್ಸಿನಲ್ಲಿ ಇಬ್ಬರು ಮಕ್ಕಳಿದ್ದರೆ ಆಸ್ತಿಯ ಮೂರನೇ ಎರಡು ಭಾಗ ಅವರಿಗೆ ಸಮನಾಗಿ ಮೀಸಲು, ತಂದೆಯ ಇಚ್ಛೆ ನಡೆಯುವುದು ಉಳಿದ ಮೂರನೇ ಒಂದು ಭಾಗದಲ್ಲಿ ಮಾತ್ರ. ಮುಸ್ಲಿಂ ಬಹುಸಂಖ್ಯಾತ ಟುನೀಶಿಯಾದಲ್ಲಿ ಮಗ-ಮಗಳಿಗೆ ಸಮಪಾಲು ಕೊಡುವ ಮಸೂದೆಯನ್ನು 2018ರಲ್ಲಿ ಅಧ್ಯಕ್ಷರೇ ಮುಂದಿಟ್ಟರು, ಅದು ಪಾಸಾಗಲೇ ಇಲ್ಲ.

ಮುಸ್ಲಿಂ ಗಂಡ, ಕ್ರೈಸ್ತ ಹೆಂಡತಿ. ಇಂಥ ನಿಕಾಹ್‌ಗೆ ಶಾಸ್ತ್ರದ ಒಪ್ಪಿಗೆ ಇದೆ, ಆದರೆ ಹೆಂಡತಿಗೆ ಗಂಡನ ಆಸ್ತಿಯಲ್ಲಿ ವಾರಸುದಾರಿಕೆ ಇಲ್ಲ. ಧರ್ಮ ಬಿಟ್ಟ ಮಗನಿಗೂ ಇಲ್ಲ. ಶಾಸ್ತ್ರವೇ ಇಟ್ಟಿರುವ ಕಿಂಡಿ ವಸೀಯತ್: ವಾರಸುದಾರರಲ್ಲದವರಿಗೆ ಆಸ್ತಿಯ ಮೂರನೇ ಒಂದು ಭಾಗದವರೆಗೆ ಬರೆದುಕೊಡಬಹುದು. ಸಿದ್ಧ ನಮೂನೆಯ ಇಸ್ಲಾಮಿಕ್ ಉಯಿಲಿನಲ್ಲಿ ಈ ಜಾಗವನ್ನು ಖಾಲಿ ಬಿಟ್ಟು ಸಹಿ ಹಾಕಿದರೆ ಆಕೆಗೆ ಏನೂ ಬರುವುದಿಲ್ಲ. ಆಗ ಇಂಗ್ಲೆಂಡಿನಲ್ಲಿ ಆಕೆಗೆ ಉಳಿಯುವುದು 1975ರ ಕಾಯ್ದೆಯಡಿ ಕೋರ್ಟಿಗೆ ಹೋಗಿ ತನಗೆ ತಕ್ಕ ಪಾಲು ಕೇಳುವ ದಾರಿ. ಉಯಿಲಿಗೆ ಪ್ರೊಬೇಟ್ (ಕೋರ್ಟಿನ ಮಾನ್ಯತೆ) ಸಿಕ್ಕ ಆರು ತಿಂಗಳೊಳಗೆ ಅರ್ಜಿ ಹಾಕಬೇಕು, ಮಕ್ಕಳು ಎದುರು ಪಕ್ಷದಲ್ಲಿ ನಿಂತಿರುತ್ತಾರೆ.